ಇಮ್ಮಡಿ ಕೋನದ ಸೂತ್ರಗಳಿಂದ ನಿಖರ ಬೆಲೆ: ಮೊದಲು ಚಿಹ್ನೆ, ಆಮೇಲೆ ಲೆಕ್ಕ

ಪಿಯುಸಿ ಮೊದಲ ವರ್ಷದ ತ್ರಿಕೋನಮಿತಿ ಶುರುವಾಯಿತೆಂದರೆ ಓದುಗರಿಂದ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ‘ಸೈನ್ ಎ ಕೊಟ್ಟು ಸೈನ್ 2ಎ ಕೇಳಿದ್ದಾರೆ, ಸೂತ್ರ ಬಾಯಿಪಾಠವಿದೆ, ಆದರೂ ಉತ್ತರದ ಚಿಹ್ನೆ ತಪ್ಪುತ್ತದೆ, ಏಕೆ?’ ಎಂಬುದು ಒಂದು. ‘ಸೈನ್ 15° ನನಗೆ ಬಂದ ರೂಪದಲ್ಲಿ ಪುಸ್ತಕದ ಉತ್ತರ ಇಲ್ಲ, ನನ್ನದು ತಪ್ಪೇ?’ ಎಂಬುದು ಇನ್ನೊಂದು. ಎರಡಕ್ಕೂ ಸೇರಿಸಿ ಇಲ್ಲಿ ಹಂತ ಹಂತವಾಗಿ ಉತ್ತರಿಸಿದ್ದೇನೆ. ಪೆನ್ನು, ಕಾಗದ ಹತ್ತಿರವಿಟ್ಟುಕೊಂಡು ಓದಿದರೆ ಒಳ್ಳೆಯದು, ಕ್ಯಾಲ್ಕುಲೇಟರ್ ಬೇಡ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ ಸಿಗುತ್ತದೆ, ಅಲ್ಲಿಯೂ ಅದಕ್ಕೆ ಅವಕಾಶವಿಲ್ಲ.

‘ನಿಖರ ಬೆಲೆ’ ಎಂದರೆ ದಶಮಾಂಶದಲ್ಲಿ ಕತ್ತರಿಸದ ಬೆಲೆ. ಸೈನ್ 45° = 0.7071 ಎಂದು ಬರೆದರೆ ಅದು ಅಂದಾಜು. 1/√2 ಎಂದು ಬರೆದರೆ ಅದು ನಿಖರ. √2, √3 ಇಂತಹ, ಮೂಲಚಿಹ್ನೆಯ ಒಳಗೇ ಉಳಿಯುವ ಸಂಖ್ಯೆಗಳಿಗೆ ಕರಣಿಗಳು ಎನ್ನುತ್ತಾರೆ. ನಮ್ಮ ಉತ್ತರಗಳಲ್ಲಿ ಭಿನ್ನರಾಶಿಗಳೂ ಕರಣಿಗಳೂ ಮಾತ್ರ ಇರಬೇಕು.

ಮೊದಲೇ ಗೊತ್ತಿರಬೇಕಾದದ್ದು

30°, 45°, 60° ಕೋನಗಳ ಬೆಲೆಗಳು ಎಸ್ಸೆಸ್ಸೆಲ್ಸಿಯಲ್ಲೇ ಬಂದಿವೆ. ಸೈನ್² ಎ + ಕಾಸ್² ಎ = 1 ಎಂಬ ನಿತ್ಯಸಮೀಕರಣವೂ, ಅಂದರೆ ಎ ಏನೇ ಆಗಿದ್ದರೂ ನಿಜವಾಗುವ ಸಮೀಕರಣವೂ, ಅಲ್ಲಿಯದೇ. ಹೊಸದಾಗಿ ಬೇಕಾದದ್ದು ಚತುರ್ಥಕಗಳ ಲೆಕ್ಕ. 0° ಇಂದ 360° ವರೆಗಿನ ಸುತ್ತನ್ನು 90° ಗಳ ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಚತುರ್ಥಕ. ಕ್ಲಾಸಿನಲ್ಲಿ ‘ಕ್ವಾಡ್ರಂಟ್’ ಎನ್ನುವುದು ಇದನ್ನೇ. ಮೊದಲನೆಯದರಲ್ಲಿ ಎಲ್ಲವೂ ಧನ, ಎರಡನೆಯದರಲ್ಲಿ ಸೈನ್ ಮಾತ್ರ, ಮೂರನೆಯದರಲ್ಲಿ ಟ್ಯಾನ್ ಮಾತ್ರ, ನಾಲ್ಕನೆಯದರಲ್ಲಿ ಕಾಸ್ ಮಾತ್ರ ಧನ. ‘ಆಲ್, ಸೈನ್, ಟ್ಯಾನ್, ಕಾಸ್’ ಎಂದು ಮೇಷ್ಟ್ರು ಹೇಳಿಕೊಟ್ಟ ಕ್ರಮ ನೆನಪಿದ್ದರೆ ಸಾಕು.

ಸೂತ್ರಗಳು ಇವು:

ಸೈನ್ 2ಎ = 2 ಸೈನ್ ಎ ಕಾಸ್ ಎ
ಕಾಸ್ 2ಎ = ಕಾಸ್² ಎ − ಸೈನ್² ಎ = 2 ಕಾಸ್² ಎ − 1 = 1 − 2 ಸೈನ್² ಎ
ಟ್ಯಾನ್ 2ಎ = 2 ಟ್ಯಾನ್ ಎ / (1 − ಟ್ಯಾನ್² ಎ)

ಮೂರೂ ಎರಡು ಕೋನಗಳ ಮೊತ್ತದ ಸೂತ್ರಗಳಲ್ಲಿ ‘ಬಿ’ ಇದ್ದ ಜಾಗಕ್ಕೆ ‘ಎ’ ಹಾಕಿದಾಗ ಬರುತ್ತವೆ. ಮರೆತರೆ ಹಾಗೆಯೇ ಮರಳಿ ಪಡೆಯಬಹುದು.

ಹಂತ 1: ಯಾವ ದಿಕ್ಕಿನ ಲೆಕ್ಕ ಎಂದು ಗುರುತಿಸಿ

ಈ ಅಧ್ಯಾಯದ ಲೆಕ್ಕಗಳು ಎರಡೇ ಬಗೆಯವು. ಒಂದರಲ್ಲಿ ಎ ಯ ವಿವರ ಕೊಟ್ಟು 2ಎ ಯ ಬೆಲೆ ಕೇಳುತ್ತಾರೆ, ಮತ್ತೊಂದರಲ್ಲಿ 2ಎ ಕೊಟ್ಟು ಎ ಕೇಳುತ್ತಾರೆ. ಮೊದಲನೆಯದರಲ್ಲಿ ಸೈನ್ ಎ, ಕಾಸ್ ಎ ಎರಡೂ ಚಿಹ್ನೆಸಹಿತ ಗೊತ್ತಾದರೆ ಉತ್ತರ ತಾನಾಗಿ ಒಂದೇ ಬರುತ್ತದೆ. ಎರಡನೆಯದರಲ್ಲಿ ವರ್ಗಮೂಲ ತೆಗೆಯಬೇಕಾಗುವುದರಿಂದ ± ಎದುರಾಗುತ್ತದೆ, ಮತ್ತು ಯಾವುದನ್ನು ಉಳಿಸಿಕೊಳ್ಳಬೇಕೆಂದು ಸೂತ್ರ ಹೇಳುವುದಿಲ್ಲ, ನೀವೇ ತೀರ್ಮಾನಿಸಬೇಕು. ಯಾವ ಬಗೆಯ ಲೆಕ್ಕ ಎಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಂಡು ಮುಂದುವರಿಯಿರಿ.

ಹಂತ 2: ಸೂತ್ರ ಮುಟ್ಟುವ ಮೊದಲು ಚತುರ್ಥಕ ಬರೆಯಿರಿ

ಅಂಕ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಪ್ರಶ್ನೆಯಲ್ಲಿ ‘ಎ ಎರಡನೆಯ ಚತುರ್ಥಕದಲ್ಲಿದೆ’ ಅಥವಾ ‘90° < ಎ < 180°’ ಎಂಬ ಒಂದು ಸಣ್ಣ ಮಾತು ಇರುತ್ತದೆ. ಅದು ಅಲಂಕಾರಕ್ಕೆ ಬರೆದದ್ದಲ್ಲ. ಅದನ್ನು ಓದಿದ ಕೂಡಲೇ ‘ಸೈನ್ +, ಕಾಸ್ −, ಟ್ಯಾನ್ −’ ಎಂದು ಉತ್ತರದ ಮೊದಲ ಸಾಲಿನಲ್ಲೇ ಬರೆದುಬಿಡಿ. ಕೊನೆಗೆ ನೋಡಿದರಾಯಿತು ಎಂದು ಬಿಟ್ಟವರು ಕೊನೆಗೆ ಅದನ್ನು ನೋಡುವುದೇ ಇಲ್ಲ.

ರೇಡಿಯನ್‌ನಲ್ಲಿ ಕೊಟ್ಟಿದ್ದರೆ ಪೈ = 180° ಎಂದು ಬದಲಿಸಿಕೊಳ್ಳಿ: ಪೈ/8 ಎಂದರೆ 22½°, ಪೈ/12 ಎಂದರೆ 15°.

ಹಂತ 3: ಇಲ್ಲದ ಅನುಪಾತವನ್ನು ಚಿಹ್ನೆಯೊಡನೆ ಹುಡುಕಿ

ಒಂದು ಲೆಕ್ಕ ಹಿಡಿಯೋಣ. ಸೈನ್ ಎ = 5/13, ಎ ಎರಡನೆಯ ಚತುರ್ಥಕದಲ್ಲಿದೆ. ಸೈನ್ 2ಎ, ಕಾಸ್ 2ಎ, ಟ್ಯಾನ್ 2ಎ ಬೇಕು.

ಕಾಸ್² ಎ = 1 − 25/169 = 144/169. ಆದ್ದರಿಂದ ಕಾಸ್ ಎ ಎಂದರೆ 12/13 ಅಥವಾ −12/13. ಎರಡನೆಯ ಚತುರ್ಥಕದಲ್ಲಿ ಕಾಸ್ ಋಣ ಎಂದು ಈಗಾಗಲೇ ಬರೆದಿಟ್ಟಿದ್ದೇವಲ್ಲ, ಹಾಗಾಗಿ ಕಾಸ್ ಎ = −12/13.

ಲಂಬಕೋನ ತ್ರಿಭುಜ ಬರೆದು ವಿಕರ್ಣ 13, ಎದುರು ಬಾಹು 5, ಉಳಿದ ಬಾಹು 12 ಎಂದು ಕಂಡುಕೊಳ್ಳುವವರೂ ಇದ್ದಾರೆ. ಅದು ವೇಗದ ದಾರಿಯೇ. 3-4-5, 5-12-13, 8-15-17, 7-24-25 ಈ ನಾಲ್ಕು ತ್ರಿವಳಿಗಳು ನೆನಪಿದ್ದರೆ ಹೆಚ್ಚಿನ ಪ್ರಶ್ನೆಗಳಿಗೆ ವರ್ಗಮೂಲವನ್ನೇ ತೆಗೆಯಬೇಕಾಗಿಲ್ಲ. ಆದರೆ ತ್ರಿಭುಜದ ಬಾಹುಗಳು ಯಾವಾಗಲೂ ಧನ. ತ್ರಿಭುಜ ಸಂಖ್ಯೆಯನ್ನು ಕೊಡುತ್ತದೆಯೇ ಹೊರತು ಚಿಹ್ನೆಯನ್ನು ಕೊಡುವುದಿಲ್ಲ. ಚಿಹ್ನೆ ಬರುವುದು ಹಂತ 2 ರಿಂದಲೇ.

ಹಂತ 4: ಸೂತ್ರದ ಸರಿಯಾದ ರೂಪವನ್ನು ಆರಿಸಿ

ಸೈನ್ 2ಎ = 2 × (5/13) × (−12/13) = −120/169.

ಕಾಸ್ 2ಎ ಗೆ ಮೂರು ರೂಪಗಳಿವೆ. ಪ್ರಶ್ನೆಯಲ್ಲಿ ನೇರವಾಗಿ ಕೊಟ್ಟಿರುವ ಅನುಪಾತ ಯಾವುದೋ ಅದೊಂದೇ ಇರುವ ರೂಪವನ್ನು ಹಿಡಿಯಿರಿ ಎಂಬುದು ನನ್ನ ಸಲಹೆ. ಇಲ್ಲಿ ಸೈನ್ ಕೊಟ್ಟಿದ್ದಾರೆ, ಆದ್ದರಿಂದ 1 − 2 ಸೈನ್² ಎ:

ಕಾಸ್ 2ಎ = 1 − 2 × 25/169 = 119/169.

ಹೀಗೆ ಮಾಡಿದರೆ ಹಂತ 3 ರಲ್ಲಿ ಏನಾದರೂ ಎಡವಿದ್ದರೂ ಆ ತಪ್ಪು ಇಲ್ಲಿಗೆ ಹರಿದು ಬರುವುದಿಲ್ಲ. ಇನ್ನೂ ಒಂದು ಸಂಗತಿ ಗಮನಿಸಿ: ಕಾಸ್ 2ಎ ಸೂತ್ರದಲ್ಲಿ ಇರುವುದು ವರ್ಗ ಮಾತ್ರ, ಹಾಗಾಗಿ ಅದಕ್ಕೆ ಚತುರ್ಥಕದ ಹಂಗಿಲ್ಲ. ಸೈನ್ ಎ = 5/13 ಎಂದಷ್ಟೇ ಹೇಳಿ ಚತುರ್ಥಕ ಹೇಳದೆ ಬಿಟ್ಟರೆ ಕಾಸ್ 2ಎ ಗೆ ಒಂದೇ ಉತ್ತರ, ಸೈನ್ 2ಎ ಗೆ ಮಾತ್ರ ಎರಡು ಉತ್ತರ.

ಟ್ಯಾನ್ 2ಎ = ಸೈನ್ 2ಎ / ಕಾಸ್ 2ಎ = −120/119. ಸೈನ್, ಕಾಸ್ ಎರಡೂ ಕೈಯಲ್ಲಿರುವಾಗ ಟ್ಯಾನ್‌ನ ಉದ್ದ ಸೂತ್ರಕ್ಕೆ ಹೋಗಿ ಭಿನ್ನರಾಶಿಯ ಮೇಲೆ ಭಿನ್ನರಾಶಿ ಹೇರಿಕೊಳ್ಳುವ ಅಗತ್ಯವಿಲ್ಲ.

ಟ್ಯಾನ್ ಎ ಒಂದನ್ನೇ ಕೊಟ್ಟಿದ್ದರೆ? ಆಗ ಸೈನ್ ಎ, ಕಾಸ್ ಎ ಹುಡುಕುತ್ತಾ ಕೂರದೆ, ಟ್ಯಾನ್ ಎ ಯನ್ನು ‘ಟಿ’ ಎಂದು ಕರೆದು ಈ ಎರಡನ್ನು ಬಳಸಿ:

ಸೈನ್ 2ಎ = 2ಟಿ / (1 + ಟಿ²)
ಕಾಸ್ 2ಎ = (1 − ಟಿ²) / (1 + ಟಿ²)

ಇಲ್ಲಿಯೂ ಚತುರ್ಥಕ ಬೇಕಾಗಿಲ್ಲ. ಒಂದೇ ಟ್ಯಾನ್ ಬೆಲೆ ಇರುವ ಕೋನಗಳ ನಡುವಿನ ಅಂತರ 180° ಅಥವಾ ಅದರ ಗುಣಕ; ಇಮ್ಮಡಿಸಿದಾಗ ಅದು ಪೂರ್ತಿ ಸುತ್ತುಗಳಾಗಿ ಮಾಯವಾಗುತ್ತದೆ. ಟ್ಯಾನ್ ಕೊಟ್ಟ ಲೆಕ್ಕದಲ್ಲಿ ಚಿಹ್ನೆಯ ಬಗ್ಗೆ ಅರ್ಧ ಪುಟ ಬರೆಯುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಟ್ಯಾನ್‌ನ ಇಮ್ಮಡಿ ಸೂತ್ರ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಒಂದು ಸಣ್ಣ ಅಡ್ಡಮಾತು. ಟ್ಯಾನ್ ಎ = 1/5 ಎಂದು ಹಿಡಿದರೆ ಟ್ಯಾನ್ 2ಎ = 5/12, ಮತ್ತೊಮ್ಮೆ ಇಮ್ಮಡಿಸಿದರೆ ಟ್ಯಾನ್ 4ಎ = 120/119. ಇದು 1 ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಅಂದರೆ 4ಎ ಎಂಬ ಕೋನ 45° ಗಿಂತ ತುಸುವೇ ಹೆಚ್ಚು; ಆ ಹೆಚ್ಚಿದ ಚೂರಿನ ಟ್ಯಾನ್ ಬೆಲೆ ಸರಿಯಾಗಿ 1/239. ಇಂಗ್ಲೆಂಡಿನ ಜಾನ್ ಮೆಚಿನ್ 1706 ರಲ್ಲಿ ಈ ಸಂಬಂಧವನ್ನೇ ಬಳಸಿ ಪೈ ಬೆಲೆಯ ನೂರು ದಶಮಾಂಶ ಸ್ಥಾನಗಳನ್ನು ಕೈಲೆಕ್ಕದಲ್ಲಿ ತೆಗೆದ.

ಹಂತ 5: ಉತ್ತರವನ್ನು ಎರಡು ಸಲ ತಾಳೆ ನೋಡಿ

ಸೈನ್ 2ಎ, ಕಾಸ್ 2ಎ ಎರಡರ ವರ್ಗಗಳ ಮೊತ್ತ 1 ಆಗಲೇಬೇಕು. 120² + 119² = 14400 + 14161 = 28561 = 169². ಸರಿಯಿದೆ. ಆದರೆ ವರ್ಗ ಮಾಡಿದಾಗ ಚಿಹ್ನೆ ಅಳಿಸಿಹೋಗುವುದರಿಂದ ಈ ತಾಳೆ ಚಿಹ್ನೆಯ ತಪ್ಪನ್ನು ಹಿಡಿಯಲಾರದು. ಅದಕ್ಕೆ ಎರಡನೆಯ ತಾಳೆ ಬೇಕು: ಸೈನ್ ಬೆಲೆ 5/13 ಎಂದರೆ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಎ ಎಂಬುದು 150° ಗೂ 180° ಗೂ ನಡುವೆ ಇದೆ, 2ಎ ಎಂಬುದು 300° ಗೂ 360° ಗೂ ನಡುವೆ ಇದೆ, ಅಂದರೆ ನಾಲ್ಕನೆಯ ಚತುರ್ಥಕ. ಅಲ್ಲಿ ಸೈನ್ ಋಣ, ಕಾಸ್ ಧನ. ನಮ್ಮ ಉತ್ತರವೂ ಹಾಗೆಯೇ ಇದೆ.

ಹಂತ 6: ಹಿಮ್ಮುಖ ಲೆಕ್ಕ, 2ಎ ಇಂದ ಎ ಗೆ

ಕಾಸ್ 2ಎ ಯ ಕೊನೆಯ ಎರಡು ರೂಪಗಳನ್ನು ತಿರುಗಿಸಿ ಬರೆದರೆ

ಸೈನ್² ಎ = (1 − ಕಾಸ್ 2ಎ)/2
ಕಾಸ್² ಎ = (1 + ಕಾಸ್ 2ಎ)/2

ಗೊತ್ತಿರುವ ಕೋನವನ್ನು ಅರ್ಧ ಮಾಡುತ್ತಾ ಹೋಗುವ ಉಪಾಯ ಬಹಳ ಹಳೆಯದು. 6 ನೆಯ ಶತಮಾನದ ವರಾಹಮಿಹಿರ 3¾° ಅಂತರದ ಜ್ಯಾ (ಅಂದರೆ ಸೈನ್) ಕೋಷ್ಟಕ ಕೊಟ್ಟದ್ದರ ಹಿಂದೆ ಇದೇ ಸಂಬಂಧವಿದೆ: 30° ಯ ಅರ್ಧ 15°, ಅದರ ಅರ್ಧ 7½°, ಅದರ ಅರ್ಧ 3¾°.

22½° ತೆಗೆದುಕೊಳ್ಳಿ. 2ಎ = 45°. ಕಾಸ್² 22½° = (1 + 1/√2)/2. ಇಲ್ಲಿ 1/√2 ಅನ್ನು √2/2 ಎಂದು ಬರೆದುಕೊಳ್ಳಿ, ಅಂದರೆ ಛೇದವನ್ನು ಅಕರಣೀಕರಿಸಿ. ಆಗ ಅದು (2 + √2)/4 ಆಗುತ್ತದೆ. 22½° ಮೊದಲ ಚತುರ್ಥಕದಲ್ಲಿರುವುದರಿಂದ

ಕಾಸ್ 22½° = √(2 + √2)/2, ಸೈನ್ 22½° = √(2 − √2)/2.

ಟ್ಯಾನ್ 22½° ಗೆ ಇವೆರಡನ್ನು ಭಾಗಿಸಲು ಹೋಗಬೇಡಿ, ಮೂಲದೊಳಗಿನ ಮೂಲದಲ್ಲಿ ಸಿಕ್ಕಿಕೊಳ್ಳುತ್ತೀರಿ. ಟ್ಯಾನ್ ಎ = (1 − ಕಾಸ್ 2ಎ)/ಸೈನ್ 2ಎ ಎಂಬ ಸೂತ್ರದಲ್ಲಿ ವರ್ಗಮೂಲವೂ ಇಲ್ಲ, ± ಕೂಡ ಇಲ್ಲ; ಅದರಲ್ಲಿ 45° ಬೆಲೆಗಳನ್ನು ಹಾಕಿದರೆ ನೇರವಾಗಿ √2 − 1 ಬರುತ್ತದೆ. ಟ್ಯಾನ್ 45° = 1 ಎಂಬುದರಿಂದ ಹೊರಟವರಿಗೆ ಟಿ² + 2ಟಿ − 1 = 0 ಎಂಬ ವರ್ಗಸಮೀಕರಣ ಸಿಗುತ್ತದೆ, ಅದಕ್ಕೆ −1 + √2 ಮತ್ತು −1 − √2 ಎಂಬ ಎರಡು ಮೂಲಗಳು. ಎರಡನೆಯದು ಕಸವಲ್ಲ, ಅದು ಟ್ಯಾನ್ 112½°. ಏಕೆಂದರೆ 112½° ಯ ಇಮ್ಮಡಿ 225°, ಮತ್ತು ಟ್ಯಾನ್ 225° ಕೂಡ 1. ಸಮೀಕರಣಕ್ಕೆ ನೀವು ಯಾವ ಕೋನ ಕೇಳುತ್ತಿದ್ದೀರಿ ಎಂದು ತಿಳಿಯದು, ಅದು ಇಬ್ಬರನ್ನೂ ತಂದು ನಿಲ್ಲಿಸುತ್ತದೆ.

112½° ಪ್ರಸ್ತಾಪ ಬಂತಲ್ಲ, ಸೈನ್ 112½° ಎಷ್ಟು? ಕಾಸ್ 225° = −√2/2. ಆದ್ದರಿಂದ ಸೈನ್² 112½° = (1 + √2/2)/2 = (2 + √2)/4. ಈಗ ಧನವೋ ಋಣವೋ? 225° ಮೂರನೆಯ ಚತುರ್ಥಕ, ಅಲ್ಲಿ ಸೈನ್ ಋಣ, ಆದ್ದರಿಂದ ಉತ್ತರವೂ ಋಣ ಎಂದು ಬರೆದವರ ಉತ್ತರ ಪತ್ರಿಕೆಗಳನ್ನು ಬೇಕಾದಷ್ಟು ನೋಡಿದ್ದೇನೆ. ನಾವು ಹುಡುಕುತ್ತಿರುವುದು 112½° ಯ ಸೈನ್, 225° ಯದಲ್ಲ. 112½° ಎರಡನೆಯ ಚತುರ್ಥಕದಲ್ಲಿದೆ, ಅಲ್ಲಿ ಸೈನ್ ಧನ. ಉತ್ತರ √(2 + √2)/2. ಚಿಹ್ನೆಯನ್ನು ತೀರ್ಮಾನಿಸುವುದು ಯಾವಾಗಲೂ ಬೆಲೆ ಕೇಳಿರುವ ಕೋನ, ಸೂತ್ರದೊಳಗೆ ಹಾಕಿದ ಕೋನವಲ್ಲ.

ಕೋನದ ಬದಲು ವ್ಯಾಪ್ತಿ ಕೊಟ್ಟಾಗಲೂ ಇದೇ ನಿಯಮ. ಕಾಸ್ 2ಎ = 7/25, 270° < 2ಎ < 360° ಎಂದಿದ್ದರೆ ಅಸಮತೆಯನ್ನು ಪೂರ್ತಿಯಾಗಿ 2 ರಿಂದ ಭಾಗಿಸಿ 135° < ಎ < 180° ಎಂದು ಬರೆದುಕೊಳ್ಳಿ. ಎ ಎರಡನೆಯ ಚತುರ್ಥಕಕ್ಕೆ ಬಂತು. ಸೈನ್² ಎ = (18/25)/2 = 9/25, ಆದ್ದರಿಂದ ಸೈನ್ ಎ = 3/5, ಕಾಸ್ ಎ = −4/5.

ಹಂತ 7: ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ

ಸೈನ್ 15° ಅನ್ನು ಮೇಲಿನ ದಾರಿಯಲ್ಲಿ ತೆಗೆದರೆ √(2 − √3)/2 ಬರುತ್ತದೆ. ಪುಸ್ತಕದಲ್ಲಿ (√6 − √2)/4 ಅಥವಾ (√3 − 1)/(2√2) ಇರುತ್ತದೆ. ಮೂರೂ ಒಂದೇ ಸಂಖ್ಯೆ. ಒಳಗಿನದನ್ನು ಬಿಡಿಸುವುದು ಹೀಗೆ: 2 − √3 ಅನ್ನು (4 − 2√3)/2 ಎಂದು ಬರೆಯಿರಿ. ಮೊತ್ತ 4, ಗುಣಲಬ್ಧ 3 ಇರುವ ಎರಡು ಸಂಖ್ಯೆಗಳು 3 ಮತ್ತು 1. ಆದ್ದರಿಂದ 4 − 2√3 = (√3 − 1)². ವರ್ಗಮೂಲ ತೆಗೆದರೆ √(2 − √3) = (√3 − 1)/√2, ಅದರ ಅರ್ಧ (√3 − 1)/(2√2).

ಎಲ್ಲ ಕಡೆ ಈ ಬಿಡಿಸುವಿಕೆ ಸಾಧ್ಯವಿಲ್ಲ. √(2 − √3) ನಲ್ಲಿ ಹೊರಗಿನ 2 ರ ವರ್ಗದಿಂದ ಒಳಗಿನ 3 ಕಳೆದರೆ 1, ಅದು ಪೂರ್ಣವರ್ಗ, ಆದ್ದರಿಂದ ಬಿಡಿಸಬಹುದು. √(2 − √2) ನಲ್ಲಿ 4 − 2 = 2, ಪೂರ್ಣವರ್ಗವಲ್ಲ; ಹಾಗಾಗಿ 22½° ಬೆಲೆಗಳು ಮೂಲದೊಳಗೆ ಮೂಲವಾಗಿಯೇ ಉಳಿಯುತ್ತವೆ, ಅದನ್ನು ಸುಲಭರೂಪಕ್ಕೆ ತರಲು ಸಮಯ ಕಳೆಯಬೇಡಿ. ಇನ್ನು √(2 + √2) ಅನ್ನು √2 + √√2 ಎಂದು ಒಡೆಯುವುದು ಎಲ್ಲಿಯೂ ಸಲ್ಲದು. ಮೂಲಚಿಹ್ನೆ ಕೂಡುವಿಕೆಯ ಮೇಲೆ ಹಂಚಿಕೆಯಾಗುವುದಿಲ್ಲ.

ಹಂತ 8: ಅರ್ಧ ಮಾಡಿದರೂ ಸಿಗದ ಕೋನಗಳು

18° ಯನ್ನು ಎಷ್ಟು ಸಲ ಇಮ್ಮಡಿಸಿದರೂ 30°, 45°, 60°, 90° ಸಿಗುವುದಿಲ್ಲ. ಆದರೆ ಅದರ ಐದು ಪಟ್ಟು 90°. ಎ = 18° ಆದರೆ 2ಎ = 90° − 3ಎ, ಆದ್ದರಿಂದ ಸೈನ್ 2ಎ = ಕಾಸ್ 3ಎ. ಎಡಕ್ಕೆ ಇಮ್ಮಡಿ ಸೂತ್ರ, ಬಲಕ್ಕೆ ಮುಮ್ಮಡಿ ಸೂತ್ರ, ಅಂದರೆ ಕಾಸ್ 3ಎ = 4 ಕಾಸ್³ ಎ − 3 ಕಾಸ್ ಎ:

2 ಸೈನ್ ಎ ಕಾಸ್ ಎ = 4 ಕಾಸ್³ ಎ − 3 ಕಾಸ್ ಎ

ಕಾಸ್ 18° ಸೊನ್ನೆಯಲ್ಲ, ಆದ್ದರಿಂದ ಅದರಿಂದ ಭಾಗಿಸಬಹುದು (ಈ ಕಾರಣವನ್ನು ಬರೆಯದೆ ಭಾಗಿಸಬೇಡಿ). 2 ಸೈನ್ ಎ = 4 ಕಾಸ್² ಎ − 3 = 1 − 4 ಸೈನ್² ಎ. ಸೈನ್ ಎ ಯನ್ನು ‘ಎಸ್’ ಎಂದು ಕರೆದರೆ 4ಎಸ್² + 2ಎಸ್ − 1 = 0, ಎಸ್ = (−1 ± √5)/4. 18° ಯ ಸೈನ್ ಧನ, ಆದ್ದರಿಂದ ಸೈನ್ 18° = (√5 − 1)/4. ಈ ಬೆಲೆಯನ್ನು ಎರಡನೆಯ ಭಾಸ್ಕರಾಚಾರ್ಯ 12 ನೆಯ ಶತಮಾನದಲ್ಲೇ ‘ಜ್ಯೋತ್ಪತ್ತಿ’ಯಲ್ಲಿ ಕೊಟ್ಟಿದ್ದಾನೆ. ಅಲ್ಲಿಂದ ಕಾಸ್ 36° = 1 − 2 ಸೈನ್² 18° = (√5 + 1)/4; ಇದೂ ಇಮ್ಮಡಿ ಸೂತ್ರದ ಕೆಲಸವೇ.

ಡಿಗ್ರಿಗಳಲ್ಲಿ ಪೂರ್ಣಾಂಕವಾಗಿರುವ ಕೋನಗಳ ಪೈಕಿ 3 ರ ಗುಣಕಗಳಿಗೆ ಮಾತ್ರ ಹೀಗೆ ವರ್ಗಮೂಲಗಳಲ್ಲಿ ಬೆಲೆ ಬರೆಯಬಹುದು. 20° ಗೆ ಸಾಧ್ಯವಿಲ್ಲ. 1837 ರಲ್ಲಿ ಫ್ರಾನ್ಸಿನ ಪಿಯರ್ ವಾಂಟ್ಸೆಲ್ 60° ಕೋನವನ್ನು ಅಳತೆಪಟ್ಟಿ ಕೈವಾರಗಳಿಂದ ಮೂರು ಸಮಭಾಗ ಮಾಡಲಾಗದು ಎಂದು ಸಾಧಿಸಿದ್ದರ ಇನ್ನೊಂದು ಮುಖ ಇದು. ಆದರೂ ‘ಕಾಸ್ 20° ಕಾಸ್ 40° ಕಾಸ್ 80° ಬೆಲೆ ಕಂಡುಹಿಡಿಯಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದೊಂದರ ಬೆಲೆ ಹುಡುಕಬೇಡಿ. ಕೋನಗಳು ಒಂದರ ಇಮ್ಮಡಿ ಇನ್ನೊಂದು ಎಂಬುದನ್ನು ಗಮನಿಸಿ, ಇಡೀ ಗುಣಲಬ್ಧವನ್ನು 2 ಸೈನ್ 20° ಯಿಂದ ಗುಣಿಸಿ, ಅದರಿಂದಲೇ ಭಾಗಿಸಿ. 2 ಸೈನ್ 20° ಕಾಸ್ 20° ಸೇರಿ ಸೈನ್ 40° ಆಗುತ್ತದೆ. ಅದು ಇನ್ನೊಂದು 2 ಮತ್ತು ಕಾಸ್ 40° ಜೊತೆ ಸೇರಿ ಸೈನ್ 80°. ಅದು ಮತ್ತೊಂದು 2 ಮತ್ತು ಕಾಸ್ 80° ಜೊತೆ ಸೇರಿ ಸೈನ್ 160°. ಕೊನೆಗೆ ಉಳಿಯುವುದು ಸೈನ್ 160°/(8 ಸೈನ್ 20°). ಸೈನ್ 160° = ಸೈನ್ 20°, ಆದ್ದರಿಂದ ಉತ್ತರ 1/8.

ಇನ್ನುಳಿದ ಕೆಲವು ಎಚ್ಚರಿಕೆಗಳು

ಸೈನ್ 2ಎ ಎಂದರೆ 2 ಸೈನ್ ಎ ಅಲ್ಲ. ಅನುಮಾನ ಬಂದಾಗಲೆಲ್ಲ 30° ಹಾಕಿ ನೋಡಿ: ಸೈನ್ 60° = √3/2, ಆದರೆ 2 ಸೈನ್ 30° = 1.

ಟ್ಯಾನ್ ಎ = 1 ಅಥವಾ −1 ಆದಾಗ ಟ್ಯಾನ್ 2ಎ ಸೂತ್ರದ ಛೇದ ಸೊನ್ನೆಯಾಗುತ್ತದೆ. ಆಗ ಉತ್ತರ ಸೊನ್ನೆಯಲ್ಲ; ಟ್ಯಾನ್ 2ಎ ಗೆ ಅಲ್ಲಿ ಬೆಲೆಯೇ ಇಲ್ಲ.

ಸೈನ್‌ನ ವಿಲೋಮ ಬಂದರೆ, ಅಂದರೆ ‘ಸೈನ್ ಬೆಲೆ 3/5 ಇರುವ ಪ್ರಧಾನ ಕೋನದ ಇಮ್ಮಡಿಯ ಸೈನ್ ಎಷ್ಟು’ ಎಂದು ಕೇಳಿದರೆ, ಚತುರ್ಥಕವನ್ನು ಪ್ರಶ್ನೆಯಲ್ಲಿ ಹುಡುಕಬೇಡಿ. ಸೈನ್ ವಿಲೋಮದ ಪ್ರಧಾನ ವ್ಯಾಪ್ತಿ −90° ಇಂದ 90° ಆದ್ದರಿಂದ ಕಾಸ್ ಋಣವಾಗುವಂತಿಲ್ಲ, ಉತ್ತರ 24/25.

ಮನೆಯಲ್ಲಿ ಅಭ್ಯಾಸ ಮಾಡುವಾಗ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡುವುದಾದರೆ ಅದು ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಮೊದಲು ನೋಡಿಕೊಳ್ಳಿ. ಸೈನ್ 22½° ಸುಮಾರು 0.3827 ಬರಬೇಕು.

ಅಭ್ಯಾಸಕ್ಕೆ

1. ಟ್ಯಾನ್ ಎ = −3/4 ಆದರೆ ಸೈನ್ 2ಎ, ಕಾಸ್ 2ಎ ಎಷ್ಟು? (−24/25, 7/25. ಚತುರ್ಥಕ ಕೊಟ್ಟಿಲ್ಲ, ಬೇಕಾಗಿಯೂ ಇಲ್ಲ.)

2. ಟ್ಯಾನ್ 67½° ಎಷ್ಟು? (√2 + 1)

3. ಕಾಸ್ 165° ಎಷ್ಟು? (−(√6 + √2)/4. ಇಮ್ಮಡಿ 330°, ಅಲ್ಲಿ ಕಾಸ್ ಧನ, ಆದರೆ 165° ಯಲ್ಲಿ ಋಣ.)

4. ಸೈನ್ 10° ಸೈನ್ 50° ಸೈನ್ 70° ಎಷ್ಟು? (1/8. ಮೂರನ್ನೂ ಪೂರಕ ಕೋನದ ಕಾಸ್‌ಗೆ ಬದಲಿಸಿ.)

5. ಸೈನ್ ಎ + ಕಾಸ್ ಎ = 1/5 ಆದರೆ ಸೈನ್ 2ಎ ಎಷ್ಟು? (−24/25. ಎರಡೂ ಬದಿಯನ್ನು ವರ್ಗ ಮಾಡಿದರೆ 1 + ಸೈನ್ 2ಎ = 1/25; ಸೈನ್ ಎ, ಕಾಸ್ ಎ ಬೇರೆ ಬೇರೆಯಾಗಿ ಹುಡುಕಬೇಕಾಗಿಲ್ಲ.)